ಅಜ್ಜಿ ಫೋಟೊಗೆ ಯಾವ ರೋಲ್?

ನಮ್ಮಜ್ಜಿಗೆ ಮೊಬೈಲ್ ಫೋಟೊ ಅಂದ್ರೆ ಫೋಟೊನೇ ಅಲ್ಲ. "ಗೋಡೆಗೆ ಹಾಕೋಕಾಗುತ್ತಾ ಅದು?" ಅಂತಾರೆ. ಅದಕ್ಕೇ ಹೋದ ವರ್ಷ ಅಪ್ಪನ ಹಳೇ ಕ್ಯಾಮೆರಾಗೆ ಟ್ರೈ-ಎಕ್ಸ್ ಹಾಕಿ ಅವರನ್ನ ಹಿಡಿದಿದ್ದೆ. ಸ್ಕ್ಯಾನ್ ಬಂದಾಗ ಅಜ್ಜಿ ಕೆನ್ನೆ ತುಂಬಾ ಧೂಳಿನ ಚುಕ್ಕಿ, ಮೇಲೆ ಮರಳು ಚೆಲ್ಲಿದ ಹಾಗೆ ಗ್ರೇನ್. ಎರಡು ರಾತ್ರಿ ಕೂತು ಚುಕ್ಕಿ ಅಳಿಸಿದೆ. ಅಳಿಸುತ್ತಾ ಅಳಿಸುತ್ತಾ ಸುಕ್ಕೂ ಅಳಿಸಿಹೋಯ್ತು. ಅದು ಅಜ್ಜಿಯೇ ಅಲ್ಲ.

ತಪ್ಪು ಫಿಲ್ಮಿನದಲ್ಲ, ನಾನು ಆರಿಸಿದ ರೀತಿಯದು. ಸ್ಕ್ಯಾನರ್ ಧೂಳನ್ನ ಇನ್‌ಫ್ರಾರೆಡ್ ಬೆಳಕಿನಿಂದ ಗುರುತಿಸುತ್ತೆ. ಸಾಮಾನ್ಯ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಆಗಿರೋದು ಬೆಳ್ಳಿಯಿಂದ. ಬೆಳ್ಳಿ ಆ ಬೆಳಕನ್ನೂ ತಡೆಯುತ್ತೆ, ಹಾಗಾಗಿ ಚಿತ್ರ ಯಾವುದು ಧೂಳು ಯಾವುದು ಅಂತ ಯಂತ್ರಕ್ಕೆ ಗೊತ್ತಾಗಲ್ಲ. ಗ್ರೇನೂ ಅಷ್ಟೇ, ಸ್ಕ್ಯಾನರ್‌ನ ಪಿಕ್ಸೆಲ್ ಜೊತೆ ಸೇರಿ ಇರೋದಕ್ಕಿಂತ ಒರಟಾಗಿ ಕಾಣಬಹುದು.

ಇಲ್‌ಫೋರ್ಡ್ ಎಕ್ಸ್‌ಪಿ2 ಸೂಪರ್ ಬೇರೆ ಜಾತಿ. ಕಲರ್ ಫಿಲ್ಮಿನ ಸಿ-41 ರಾಸಾಯನಿಕದಲ್ಲೇ ತೊಳೆಯಬಹುದು, ಕೊನೆಗೆ ಉಳಿಯೋದು ಬಣ್ಣದ ಡೈ ಮಾತ್ರ. ಧೂಳು ತೆಗೆಯೋ ಸೌಲಭ್ಯ ಇದಕ್ಕೆ ಕೆಲಸ ಮಾಡುತ್ತೆ. ಸ್ವಲ್ಪ ಜಾಸ್ತಿ ಬೆಳಕು ಕೊಟ್ಟರೆ ಗ್ರೇನ್ ಇನ್ನೂ ನಯ. ಬೆಳ್ಳಿ ಫಿಲ್ಮಿನಲ್ಲಿ ಇದು ಉಲ್ಟಾ.

ಹಾಗಾದ್ರೆ ಅದನ್ನೇ ಕೊಳ್ಳೋದಲ್ವಾ? ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಅಜ್ಜನ ಟ್ರಂಕ್ ತೆಗೆದಾಗ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ನೆಗೆಟಿವ್‌ಗಳು ಸಿಕ್ಕವು. ಮಡಿಕೇರಿಯ ಅಷ್ಟೊಂದು ಮಳೆಗಾಲ ಕಳೆದರೂ ಅಂಚಲ್ಲಿ ಒಂದಿಷ್ಟು ಬೂಷ್ಟು, ಮುಖಗಳು ಮಾತ್ರ ಹಾಗೇ ಇವೆ. ಚೆನ್ನಾಗಿ ತೊಳೆದ ಬೆಳ್ಳಿ ಡೈಗಿಂತ ಹೆಚ್ಚು ಬಾಳುತ್ತೆ. ಹಾರ್ಡ್ ಡಿಸ್ಕ್ ಕೈಕೊಟ್ಟರೂ ಅಜ್ಜಿ ಉಳೀಬೇಕು ನನಗೆ.

ಅದಕ್ಕೇ ಈ ಹುತ್ತರಿಗೆ ಎರಡು ರೋಲ್. ಮನೆಮಂದಿಗೆಲ್ಲ ಎಕ್ಸ್‌ಪಿ2. ಅಜ್ಜಿಗೆ ಮಾತ್ರ ಟಿ-ಮ್ಯಾಕ್ಸ್ 400. ಬೆಳ್ಳಿಯದ್ದೇ, ಆದ್ರೆ ಗ್ರೇನ್ ಟ್ರೈ-ಎಕ್ಸ್‌ಗಿಂತ ನಯ. ಕದಿರು ತೆಗೆಯೋದು ರಾತ್ರಿ, ಆ ಕತ್ತಲೆಗೆ ಎರಡೂ ಸಾಲದು. ಮಾರನೇ ಬೆಳಗ್ಗೆ ಜಗಲಿಯಲ್ಲಿ ಕೂರಿಸಿ ತೆಗೆದೆ. ಈ ಸಲ ಅವರಿಗೆ ನನ್ನ ಹೆಸರು ನೆನಪಾಗೋಕೆ ಸ್ವಲ್ಪ ಹೊತ್ತೇ ಬೇಕಾಯ್ತು.

ನೆಗೆಟಿವ್‌ನ ಬ್ಲೋಯರ್‌ನಿಂದ ಊದಿ, ಶಾರ್ಪನಿಂಗ್ ಆಫ್ ಮಾಡಿ, 16 ಬಿಟ್‌ನಲ್ಲಿ ಸ್ಕ್ಯಾನ್ ಮಾಡಿಸಿದೆ. ಹೊಳಪಿಲ್ಲದ ಕಾಟನ್ ಪೇಪರ್ ಮೇಲೆ ಪ್ರಿಂಟ್. ನೆಗೆಟಿವ್ ಈಗ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿದೆ.

ಪ್ರಿಂಟನ್ನ ಕಿಟಕಿ ಹತ್ರ ಹಿಡಿದು ಅಜ್ಜಿ ತುಂಬಾ ಹೊತ್ತು ನೋಡಿದ್ರು. "ಸುಕ್ಕೆಲ್ಲ ಬಂದಿದೆ," ಅಂದ್ರು. ಆಮೇಲೆ ಅಜ್ಜನ ಫೋಟೊ ಪಕ್ಕದ ಮೊಳೆ ತೋರಿಸಿದ್ರು.