ಎಣಿಕೆಯೊಂದೇ ಸಾಲದು

1845ರಲ್ಲಿ ಎಡಿನ್‌ಬರೋದ ವೈದ್ಯ ಬೆನೆಟ್ ಮೃತ ರೋಗಿಯೊಬ್ಬನ ರಕ್ತದಲ್ಲಿ ಬಿಳಿಯ ಕಣಗಳ ರಾಶಿಯನ್ನು ಕಂಡು ಅದನ್ನು ಕೀವೆಂದೇ ಬಗೆದನು. ಅದೇ ವರ್ಷ ಬರ್ಲಿನ್ನಿನಲ್ಲಿ ಅಂಥದೇ ರಕ್ತವನ್ನು ನೋಡಿದ ವಿರ್ಷೋ ಅದು ಕೀವಲ್ಲವೆಂದು ಸಾರಿ, ಮುಂದೆ 1847ರಲ್ಲಿ ರೋಗಕ್ಕೆ ಲ್ಯುಕೀಮಿಯ ಎಂದು ಹೆಸರಿಟ್ಟನು. ಇಂದು ನಮ್ಮ ತಪ್ಪು ತಿರುಗುಮುರುಗಾಗಿದೆ: ಕೀವು ತಂದ ಏರಿಕೆಯನ್ನೇ ಲ್ಯುಕೀಮಿಯವೆಂದು ತಿಳಿದು ಮನೆಮಂದಿ ಕಂಗೆಡುತ್ತಾರೆ.

ಆರೋಗ್ಯವಂತರ ಒಂದು ಘನ ಮಿಲಿಮೀಟರು ರಕ್ತದಲ್ಲಿ ಬಿಳಿಯ ಕಣಗಳು ಸುಮಾರು 4,000ದಿಂದ 11,000. ತೀವ್ರ ಸೋಂಕಿನಲ್ಲಿ ಇವು 50,000ವನ್ನು ಮೀರುವುದುಂಟು. ಲ್ಯುಕೀಮಿಯದಲ್ಲಿಯೋ, ಕೆಲವೊಮ್ಮೆ ಎಣಿಕೆ ಸಾಧಾರಣವಾಗಿಯೇ ಇರುವುದು. ಅಂಕಿಗಳ ಮೋಹ ಭೌತಶಾಸ್ತ್ರದ ಅಧ್ಯಾಪಕನಾದ ನನಗೂ ಇದೆ. ಆದರೆ ಇಲ್ಲಿ ತೀರ್ಪು ಸೂಕ್ಷ್ಮದರ್ಶಕದ್ದು. ಗಾಜಿನ ಮೇಲೆ ಸವರಿದ ರಕ್ತದಲ್ಲಿ, ಸೋಂಕಿದ್ದರೆ, ಕಣಗಳು ಬಹುಮಟ್ಟಿಗೆ ಬಲಿತವು. ಸೋಂಕು ಇಳಿದಂತೆ ಎಣಿಕೆಯೂ ಇಳಿಯುತ್ತದೆ. ತೀವ್ರ ಲ್ಯುಕೀಮಿಯದಲ್ಲಿ ಬಲಿಯದ ಎಳೆಯ ಕಣಗಳು ತುಂಬಿಕೊಂಡಿರುವುದೇ ಸಾಮಾನ್ಯ. ನಿಧಾನವಾಗಿ ಬೆಳೆಯುವ ಒಂದು ಬಗೆಯಲ್ಲಿ ಬಲಿತ ಕಣಗಳೂ ಹೇರಳವಾಗಿದ್ದು ಕಣ್ಣು ಮೋಸಹೋದೀತು. ಆಗ, 1960ರಲ್ಲಿ ಬೆಳಕಿಗೆ ಬಂದ ಫಿಲಡೆಲ್ಫಿಯ ಕ್ರೋಮೊಸೋಮನ್ನು ಹುಡುಕುತ್ತಾರೆ.

ಅಸಾಧಾರಣ ಅಂಕಿಯನ್ನು ಪ್ರಯೋಗಾಲಯಗಳು ಒಂಟಿಯಾಗಿ ರೋಗಿಯ ಕೈಗೆ ಕೊಡಬಾರದೆಂಬುದು ನನ್ನ ಮತ. ಲೇಪವನ್ನು ಕಣ್ಣಾರೆ ನೋಡಿದವರ ಎರಡು ಮಾತು ಅದೇ ಹಾಳೆಯಲ್ಲಿರಲಿ.