ಹೆಸರು, ಇಸವಿ ಗೊತ್ತಿದ್ದರೆ ಇಂಗ್ಲಿಷ್ ಎಂ.ಎ. ಆಯಿತೇ?

ಇಂಗ್ಲಿಷ್ ಎಂ.ಎ. ಮುಗಿಸಿ ಕಾಲೇಜಿನಲ್ಲಿ ಪಾಠ ಹೇಳಬೇಕೆಂದುಕೊಂಡವರು ನೆಟ್ ಅಥವಾ ಕೆ-ಸೆಟ್ ಪರೀಕ್ಷೆಗೆ ಕೂರುತ್ತಾರೆ. ಮೂರು ಗಂಟೆ, 150 ಪ್ರಶ್ನೆ. ಅದರಲ್ಲಿ 100 ಪ್ರಶ್ನೆ ಸಾಹಿತ್ಯದ ಮೇಲೆ. ಈ ನಾಲ್ಕು ನಾಟಕಗಳಲ್ಲಿ ಯಾವುದು ಮೊದಲು ಬಂತು, ಯಾವುದು ಆಮೇಲೆ? ಈ ಪಾತ್ರ ಯಾವ ಕಾದಂಬರಿಯದು? ಎಡಗಡೆಯ ಲೇಖಕರನ್ನು ಬಲಗಡೆಯ ಕೃತಿಗಳಿಗೆ ಹೊಂದಿಸಿ. ಕೊನೆಯಲ್ಲಿ ಒಂದೆರಡು ಗದ್ಯ-ಪದ್ಯದ ತುಣುಕು ಕೊಟ್ಟು ಕೆಲವು ಪ್ರಶ್ನೆ ಕೇಳುವುದೂ ಉಂಟು, ಆದರೆ ಅಲ್ಲಿಯೂ ಉತ್ತರ ನಾಲ್ಕರಲ್ಲಿ ಒಂದು. ಮೊದಲು ನೆಟ್‌ನ ಮೂರನೇ ಪತ್ರಿಕೆಯಲ್ಲಿ ವಿವರವಾಗಿ ಬರೆಯಬೇಕಿತ್ತು. 2012ರಲ್ಲಿ ಅದನ್ನೂ ಬಹು ಆಯ್ಕೆಗೆ ತಂದರು. ಅಲ್ಲಿಂದೀಚೆಗೆ ಸಾಹಿತ್ಯದ ಮೇಷ್ಟರಾಗಲು ಹೊರಟವರು ಈ ಪರೀಕ್ಷೆಯಲ್ಲಿ ಒಂದು ವಾಕ್ಯವನ್ನೂ ಸ್ವಂತವಾಗಿ ಬರೆಯಬೇಕಾಗಿಲ್ಲ.

ಸುಮಾರು ನೂರು ವರ್ಷದ ಹಿಂದೆ ಕೇಂಬ್ರಿಜ್‌ನಲ್ಲಿ ಐ.ಎ. ರಿಚರ್ಡ್ಸ್ ಎಂಬ ಅಧ್ಯಾಪಕರು ಮಾಡಿದ್ದು ಇದಕ್ಕೆ ತೀರಾ ಉಲ್ಟಾ. ಅವರು ವಿದ್ಯಾರ್ಥಿಗಳ ಕೈಗೆ ಕವಿತೆ ಕೊಡುತ್ತಿದ್ದರು. ಕವಿ ಯಾರು, ಯಾವ ಕಾಲದವರು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಓದಿ, ಅನಿಸಿದ್ದನ್ನು ಬರೆದು ಕೊಡಿ ಎನ್ನುತ್ತಿದ್ದರು. ಬಂದ ಬರಹಗಳು ಬಲು ತಮಾಷೆಯಾಗಿದ್ದವು. ಜಾನ್ ಡನ್, ಹಾಪ್‌ಕಿನ್ಸ್‌ರಂಥವರಿಗೆ ಬೈಗುಳ ಬಿದ್ದರೆ, ಇವತ್ತು ಯಾರ ನೆನಪಿನಲ್ಲೂ ಇಲ್ಲದ ಪದ್ಯಕಾರರಿಗೆ ಮೆಚ್ಚುಗೆ ಸಿಕ್ಕಿತ್ತು. ಆ ಬರಹಗಳನ್ನೇ ಸಾಮಗ್ರಿ ಮಾಡಿಕೊಂಡು ಅವರು 1929ರಲ್ಲಿ ‘ಪ್ರ್ಯಾಕ್ಟಿಕಲ್ ಕ್ರಿಟಿಸಿಸಂ’ ಪ್ರಕಟಿಸಿದರು. ಹೆಸರಿನ ಊರುಗೋಲು ಕಿತ್ತುಕೊಂಡರೆ ಓದುಗನಿಗೆ ಎಷ್ಟು ದೂರ ನಡೆಯಲು ಬರುತ್ತದೆ ಎಂಬುದೇ ಅವರ ಪರೀಕ್ಷೆ. ನಮ್ಮ ಪರೀಕ್ಷೆಯಲ್ಲಿ ಬೆಲೆ ಇರುವುದು ಊರುಗೋಲಿಗೆ.

ಅರ್ಹತಾ ಪರೀಕ್ಷೆ ಹೇಗಿರುತ್ತದೋ ತರಗತಿಯೂ ಹಾಗೇ ಆಗುತ್ತದೆ. ಶೇಕ್ಸ್‌ಪಿಯರ್‌ನ ನಾಟಕ ಪಠ್ಯದಲ್ಲಿ ಇದ್ದೇ ಇರುತ್ತದೆ, ವಿದ್ಯಾರ್ಥಿಯ ಚೀಲದಲ್ಲಿ ಇರುವುದು ಗೈಡು. ಅದರಲ್ಲಿ ಕಥಾಸಾರ, ಪಾತ್ರಗಳ ಮೇಲೆ ಟಿಪ್ಪಣಿ, ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರ ಎಲ್ಲವೂ ಸಿಗುತ್ತವೆ. ನಾಟಕವನ್ನು ಒಮ್ಮೆಯೂ ತೆರೆಯದೆ ಅದರ ಮೇಲೆ ಫಸ್ಟ್ ಕ್ಲಾಸ್ ಅಂಕ ತೆಗೆಯಲು ಸಾಧ್ಯವಿದೆ, ತೆಗೆಯುತ್ತಿದ್ದಾರೆ ಕೂಡ. ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ಪಿ.ಯು.ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಯಲ್ಲಿ ಆಪ್ಷನಲ್ ಇಂಗ್ಲಿಷ್ ತೆಗೆದುಕೊಂಡ ಹುಡುಗಿಗೆ ಒಂದೇ ಸೆಮಿಸ್ಟರಿನಲ್ಲಿ ಚಾಸರ್‌ನಿಂದ ಮಿಲ್ಟನ್‌ವರೆಗೆ ಓಡು ಎಂದರೆ ಅವಳಾದರೂ ಏನು ಮಾಡಿಯಾಳು? ಪಾಠ ಮಾಡುವವರೂ ಎಷ್ಟೋ ಕಡೆ ವರ್ಷ ವರ್ಷ ಕೆಲಸದ ಭರವಸೆಯಿಲ್ಲದ ಅತಿಥಿ ಉಪನ್ಯಾಸಕರು.

ಮೈಸೂರಿನಲ್ಲಿ ಬೇರೊಂದು ಪರಂಪರೆಯೇ ಇತ್ತು. ಕೇಂಬ್ರಿಜ್‌ನಲ್ಲಿ ಎಫ್.ಆರ್. ಲೀವಿಸ್ ಅವರ ಶಿಷ್ಯರಾಗಿದ್ದ ಸಿ.ಡಿ. ನರಸಿಂಹಯ್ಯನವರು ಮಹಾರಾಜ ಕಾಲೇಜಿನಲ್ಲಿ ಪಠ್ಯವನ್ನೇ ಎದುರಿಗಿಟ್ಟುಕೊಂಡು ಓದುವುದನ್ನು ಕಲಿಸಿದರು. ಇಂಗ್ಲಿಷ್ ಸಾಹಿತ್ಯವೆಂದರೆ ಇಂಗ್ಲೆಂಡಿನದು ಮಾತ್ರ ಎಂದು ತಿಳಿದಿದ್ದ ಕಾಲದಲ್ಲಿ ಅಮೆರಿಕ, ಆಸ್ಟ್ರೇಲಿಯಾದ ಬರಹಗಾರರನ್ನೂ ರಾಜಾ ರಾವ್ ಅಂಥವರನ್ನೂ ತರಗತಿಗೆ ತಂದರು. 1979ರಲ್ಲಿ ‘ಧ್ವನ್ಯಾಲೋಕ’ ಎಂಬ ಸಾಹಿತ್ಯ ಅಧ್ಯಯನ ಕೇಂದ್ರ ಕಟ್ಟಿದಾಗ ಅದಕ್ಕೆ ಇಟ್ಟ ಹೆಸರು ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನ ಗ್ರಂಥದ್ದು.

ಇಂಗ್ಲಿಷ್ ಸಾಹಿತ್ಯದ ಓದಿನಿಂದ ಕನ್ನಡಕ್ಕೇನು ಬಂತು ಎಂದು ಕೇಳುವವರಿದ್ದಾರೆ. ಬಂದದ್ದು ಸ್ವಲ್ಪವಲ್ಲ. 1911ರಲ್ಲಿ ಧಾರವಾಡದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಭಾಷಣ ಮಾಡಿದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಮೇಷ್ಟರು. ಹೊಸಗನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿದ ಅವರ ‘ಇಂಗ್ಲಿಷ್ ಗೀತಗಳು’ ಇಂಗ್ಲಿಷ್ ಕವಿತೆಗಳ ಓದಿನಿಂದ ಹುಟ್ಟಿದ್ದು. ಗೋಕಾಕ, ಅಡಿಗ, ಶಾಂತಿನಾಥ ದೇಸಾಯಿ, ಲಂಕೇಶ್, ಅನಂತಮೂರ್ತಿ, ಕುರ್ತಕೋಟಿ, ಅಮೂರ, ಚಂಪಾ, ತಿರುಮಲೇಶ್ ಇವರೆಲ್ಲ ಇಂಗ್ಲಿಷ್ ಪಾಠ ಹೇಳಿದವರೇ. ಸಂಬಳ ಇಂಗ್ಲಿಷಿನದು, ಬರಹ ಕನ್ನಡದ್ದು. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ 1930ರ ದಶಕದ ಇಂಗ್ಲಿಷ್ ಕಾದಂಬರಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಗ, ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರ ನೋಡಿ ಅಧ್ಯಾಪಕ ಮಾಲ್ಕಂ ಬ್ರಾಡ್‌ಬರಿ ಜೊತೆ ಮಾತಾಡಿದ್ದರ ಫಲ ‘ಸಂಸ್ಕಾರ’. ಅದನ್ನು ಇಂಗ್ಲಿಷಿಗೆ ಒಯ್ದ ಎ.ಕೆ. ರಾಮಾನುಜನ್ ಕೂಡ ಮೈಸೂರಿನಲ್ಲಿ ಇಂಗ್ಲಿಷ್ ಓದಿದವರು.

ವಿಚಿತ್ರ ನೋಡಿ. ಆ ಅನುವಾದ ಈಗ ದೇಶದ ಎಷ್ಟೋ ಇಂಗ್ಲಿಷ್ ವಿಭಾಗಗಳಲ್ಲಿ ಪಠ್ಯ. ದೆಹಲಿಯ ವಿದ್ಯಾರ್ಥಿ ಅದನ್ನು ಇಂಗ್ಲಿಷಿನಲ್ಲೇ ಓದುವುದು ಅನಿವಾರ್ಯ. ಶಿವಮೊಗ್ಗದ ಹುಡುಗನಿಗೆ ಏನು ಅಡ್ಡಿ? ಎಡಗೈಯಲ್ಲಿ ಕನ್ನಡ, ಬಲಗೈಯಲ್ಲಿ ಇಂಗ್ಲಿಷ್ ಹಿಡಿದು ರಾಮಾನುಜನ್ ಎಲ್ಲಿ ಗೆದ್ದರು, ಎಲ್ಲಿ ಜಾರಿದರು ಎಂದು ಸಾಲುಸಾಲಾಗಿ ನೋಡಬಲ್ಲವನು ಅವನು. ಆ ಅನುಕೂಲ ದೆಹಲಿಯವನಿಗಿಲ್ಲ, ಆಕ್ಸ್‌ಫರ್ಡ್‌ನವನಿಗೂ ಇಲ್ಲ. ಆದರೂ ಮೂಲ ತಂದುಕೊಂಡು ಬಾ ಎನ್ನುವವರು ಅಪರೂಪ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಪುಸ್ತಕ ತೆರೆಯುವುದು ತಪ್ಪೆಂಬ ಭಾವನೆ ಇನ್ನೂ ಹೋಗಿಲ್ಲ. ಬಾನು ಮುಷ್ತಾಕ್ ಅವರ ಕಥೆಗಳಿಗೆ ದೀಪಾ ಭಾಸ್ತಿ ಮಾಡಿದ ಅನುವಾದ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದ ಮೇಲಾದರೂ ಅದು ಹೋಗಬೇಕಿತ್ತು.

ಸಾಹಿತ್ಯ ಬಿಟ್ಟು ಕಮ್ಯುನಿಕೇಶನ್ ಸ್ಕಿಲ್ಸ್ ಕಲಿಸಿ, ಕೆಲಸವಾದರೂ ಸಿಗಲಿ ಎಂಬ ಸಲಹೆ ಮತ್ತೆ ಮತ್ತೆ ಬರುತ್ತದೆ. ಇಂಗ್ಲೆಂಡಿನಲ್ಲೂ ಇದೇ ಒತ್ತಡ. 2022ರಲ್ಲಿ ಶೆಫೀಲ್ಡ್ ಹಾಲಂ ವಿಶ್ವವಿದ್ಯಾಲಯ ತನ್ನ ಇಂಗ್ಲಿಷ್ ಸಾಹಿತ್ಯ ಪದವಿಗೆ ಪ್ರವೇಶ ನಿಲ್ಲಿಸುವುದಾಗಿ ಹೇಳಿ ಸುದ್ದಿಯಾಯಿತು. ಮಾತಾಡುವ ಇಂಗ್ಲಿಷ್ ಬೇಕು, ನಿಜ. ಅದನ್ನು ಬೀದಿಗೊಂದು ಕೋಚಿಂಗ್ ಸೆಂಟರ್ ಮೂರು ತಿಂಗಳಲ್ಲಿ ಕಲಿಸುತ್ತಿರುವಾಗ, ಅದಕ್ಕಾಗಿ ಎರಡು ವರ್ಷದ ಎಂ.ಎ. ಯಾಕೆ?

ನೆಟ್ ದೆಹಲಿಯ ಕೈಯಲ್ಲಿದೆ, ಇರಲಿ. ಎಂ.ಎ. ಪ್ರಶ್ನೆಪತ್ರಿಕೆ ಹಾಗಲ್ಲ; ಅದರ ಸ್ವರೂಪವನ್ನು ಆಯಾ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯೇ ಬದಲಿಸಬಹುದು. ಪ್ರತಿ ಸೆಮಿಸ್ಟರಿನಲ್ಲೂ 20 ಅಂಕಕ್ಕೆ ಹೆಸರಿಲ್ಲದ ಒಂದು ಕವಿತೆ ಕೊಡಲಿ, ಇನ್ನು 20 ಅಂಕಕ್ಕೆ ಒಂದು ಪುಟ ಕನ್ನಡ ಗದ್ಯವನ್ನು ಅನುವಾದಕ್ಕೆ ಇಡಲಿ. ಬೇರೆ ರಾಜ್ಯದಿಂದ ಬಂದವರು ಮಲಯಾಳಂ, ತೆಲುಗು ಆಯ್ದುಕೊಳ್ಳಲಿ. ಮೌಲ್ಯಮಾಪನ ಕಷ್ಟ, ಒಬ್ಬರು 14 ಕೊಟ್ಟಲ್ಲಿ ಇನ್ನೊಬ್ಬರು 9 ಕೊಡುತ್ತಾರೆ ಎಂಬ ತಕರಾರು ಬಂದೇ ಬರುತ್ತದೆ. ಬರಲಿ. ಆ ಐದು ಅಂಕದ ಬಗ್ಗೆ ಇಬ್ಬರು ಮೇಷ್ಟರು ಉತ್ತರಪತ್ರಿಕೆ ಮುಂದಿಟ್ಟುಕೊಂಡು ಜಗಳವಾಡಿದರೆ, ಜಗಳ ಒಂದು ಕವಿತೆಯನ್ನು ಓದುವ ಬಗೆಯ ಮೇಲೆ ನಡೆಯುತ್ತದೆ. ಗೈಡು ಅಚ್ಚು ಹಾಕುವವರಿಗೆ ಮಾತ್ರ ಇದರಿಂದ ಸ್ವಲ್ಪ ನಷ್ಟ.