‘ಕುದಿಸಿ ಕುಡೀರಿ’ ಅನ್ನೋರಿಗೆ ಒಂದು ಮಾತು

ಬೇಸಿಗೆ ಬಂದ್ರೆ ಸಾಕು, ಮನೆಯಲ್ಲೇ ಶುದ್ಧ ನೀರು ಮಾಡ್ಕೊಳ್ಳಿ ಅನ್ನೋ ಉಪದೇಶ ಶುರು. ಕುದಿಸಿ, ಸೋಸಿ, ಫಿಲ್ಟರ್ ಹಾಕಿಸ್ಕೊಳ್ಳಿ. ಚಳ್ಳಕೆರೆ, ಮೊಳಕಾಲ್ಮೂರಿನ ಕೇರಿ, ಹಟ್ಟಿಗಳಿಗೆ ಬಂದು ಇದನ್ನ ಹೇಳೋರಿಗೆ ನಾನು ಕೇಳೋದು ಒಂದೇ: ಇಲ್ಲಿನ ನೀರಲ್ಲಿ ಏನಿದೆ ಅಂತ ಗೊತ್ತಾ?

ನಮ್ಮ ಬೋರ್‌ವೆಲ್‌ಗಳ ಶಾಪ ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲ ಅಂದ್ರೆ 1.5. ಇದು ಭಾರತೀಯ ಮಾನಕ ಬ್ಯೂರೋ ಹಾಕಿರೋ ಮಿತಿ. ಕುದಿಸಿದ್ರೆ ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದಿದ್ರಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತೆ. ಬಟ್ಟೆಗೂ ಕ್ಲೋರಿನ್ ಮಾತ್ರೆಗೂ ಅದು ಜಗ್ಗಲ್ಲ. ಮಕ್ಕಳ ಹಲ್ಲಿನ ಕಂದು ಕಲೆ, ಬಗ್ಗಿಸಲಾಗದ ಸೊಂಟ, ಸೆಟೆದ ಕೀಲು ಇದರದ್ದೇ ಕೊಡುಗೆ. ಹಾಲು, ಹಣ್ಣು ಕಾಣದ ತಟ್ಟೆಯವರ ಮೂಳೆಗೆ ಪೆಟ್ಟು ಹೆಚ್ಚು. ಅಂದ್ರೆ ಒಂದೇ ಬೋರಿನ ನೀರು ಕುಡಿದ್ರೂ ಪಾಲು ಸಮ ಅಲ್ಲ.

ಮನೆ ಆರ್‌ಒ ಮಿಷಿನ್ ಫ್ಲೋರೈಡ್ ತೆಗೆಯುತ್ತೆ, ನಿಜ. ಆದ್ರೆ 1 ಲೀಟರ್ ಕೊಡೋಕೆ 2–3 ಲೀಟರ್ ಚೆಲ್ಲುತ್ತೆ. ಕರೆಂಟ್ ಬೇಕು, ನಲ್ಲಿಯಲ್ಲಿ ಒತ್ತಡ ಬೇಕು, ಫಿಲ್ಟರ್ ಬದಲಿಸೋಕೆ ಮತ್ತೆ ಮತ್ತೆ ದುಡ್ಡು ಬೇಕು. ಕೂಲಿ ಮಾಡಿ ತಿನ್ನೋರು ಎಲ್ಲಿಂದ ತರ್ತಾರೆ? ನಾಗಪುರದ ನೀರಿ ಸಂಸ್ಥೆ ರೂಪಿಸಿದ ‘ನಲ್ಗೊಂಡ ವಿಧಾನ’ ಇದೆ: ಪಟಿಕ, ಸುಣ್ಣ ಹಾಕಿ ಕದಡಿ, ಕೆಸರು ತಳಕ್ಕೆ ಕೂರೋತನಕ ಬಿಟ್ಟು ಮೇಲಿನ ತಿಳಿ ಬಸಿಯೋದು. ಬಕೆಟ್ಟಲ್ಲೂ ಆಗುತ್ತೆ. ಆದ್ರೆ ನೀರು ಪರೀಕ್ಷೆ ಮಾಡದೆ ಅಂದಾಜಿಗೆ ಹಾಕಿದ್ರೆ ಅಲ್ಯೂಮಿನಿಯಂ ಹೊಟ್ಟೆಗೆ ಸೇರುತ್ತೆ.

ಬಾಕಿ ಉಳಿಯೋದು ಮಳೆ. ಮಳೆ ನೀರಲ್ಲಿ ಫ್ಲೋರೈಡ್ ಇಲ್ಲ ಅನ್ನುವಷ್ಟು ಕಮ್ಮಿ. ಲೆಕ್ಕ ಹಾಕಿ. 1 ಚದರ ಮೀಟರ್ ಚಾವಣಿ ಮೇಲೆ 1 ಮಿಲಿಮೀಟರ್ ಮಳೆ ಬಿದ್ರೆ 1 ಲೀಟರ್. 30 ಚದರ ಮೀಟರಿನ ಮನೆ, ವರ್ಷಕ್ಕೆ ಬರೀ 400 ಮಿಲಿಮೀಟರ್ ಅಂತ ಇಟ್ಕೊಳ್ಳಿ: 12,000 ಲೀಟರ್. ಐದರಲ್ಲಿ ಒಂದು ಪಾಲು ಹಾಳಾದ್ರೂ 9,600. ಐದು ಜನಕ್ಕೆ ಕುಡಿಯೋಕೆ, ಅಡುಗೆಗೆ ದಿನಕ್ಕೆ 25 ಲೀಟರ್ ಅಂದ್ರೆ ವರ್ಷಕ್ಕೆ 9,125. ಬರದ ನಾಡು ಅಂತ ಹೀಯಾಳಿಸ್ಕೊಳ್ಳೋ ನೆಲದಲ್ಲೂ ಲೆಕ್ಕ ಸರಿಹೋಗುತ್ತೆ! ಮೊದಲ ಮಳೆ ಚಾವಣಿ ತೊಳೆಯೋಕೆ ಬಿಡಬೇಕು, ತೊಟ್ಟಿ ಮುಚ್ಚಿರಬೇಕು, ಮರಳು ಸೋಸು ಇರಬೇಕು. ಕುದಿಸೋ ಮಾತು ಈ ನೀರಿಗೆ ಹೇಳಿ, ಒಪ್ಪೋಣ. 5,000 ಲೀಟರಿನ ತೊಟ್ಟಿ ತುಂಬಿದ್ರೆ 200 ದಿನ ನಡೆಯುತ್ತೆ.

ಆ ತೊಟ್ಟಿ ಯಾರು ಕಟ್ಟಿಸಬೇಕು? ಇಲ್ಲೇ ನನ್ನ ತಕರಾರು. ‘ಮನೆಯಲ್ಲೇ ಮಾಡ್ಕೊಳ್ಳಿ’ ಅನ್ನೋದು ಸರ್ಕಾರದ ಹೊಣೆಯನ್ನ ನಮ್ಮ ಹೆಣ್ಮಕ್ಕಳ ತಲೆ ಮೇಲೆ ಹೊರಿಸೋ ಮಾತು. ಕುದಾಪುರದ ಕಾವಲಲ್ಲಿ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಸಾವಿರಾರು ಎಕರೆ ಸಿಗುತ್ತೆ, ಪಕ್ಕದ ಹಟ್ಟಿಗೆ ಒಂದು ತೊಟ್ಟಿ ಸಿಗಲ್ವಾ? ನಲ್ಲಿ ಬಂದ ಮಾತ್ರಕ್ಕೆ ಮುಗೀತು ಅನ್ಬೇಡಿ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಸತ್ತವರು ನಮ್ಮವರು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆ ನೀರು ಮುಟ್ಟಿದ್ದು ಬಾಯಾರಿಕೆಗಲ್ಲ, ಹಕ್ಕಿಗೆ. ಇವತ್ತಿನ ಹಕ್ಕು ಬರೀ ಮುಟ್ಟೋದಲ್ಲ, ವಿಷ ಇಲ್ಲದ ನೀರು ಕುಡಿಯೋದು.

ಬಂಧುಗಳೇ, ಮುಂದಿನ ಗ್ರಾಮಸಭೆಯಲ್ಲಿ ಮೂರು ಕೇಳಿ. ನಮ್ಮ ಬೋರಿನ ಫ್ಲೋರೈಡ್ ಎಷ್ಟು, ಪಂಚಾಯ್ತಿ ಗೋಡೆ ಮೇಲೆ ಬರೀರಿ. ಎಸ್‌ಸಿಎಸ್‌ಪಿ–ಟಿಎಸ್‌ಪಿ ದುಡ್ಡಲ್ಲಿ ಪ್ರತಿ ಮನೆಗೆ ಮಳೆ ತೊಟ್ಟಿ ಕಟ್ಟಿಸಿ. ಕೆಟ್ಟು ನಿಂತ ಶುದ್ಧ ನೀರಿನ ಘಟಕ ಯಾವತ್ತು ರಿಪೇರಿ, ತಾರೀಖು ಹೇಳಿ. ಉತ್ತರ ಬಾಯಲ್ಲಿ ಬೇಡ, ನಡಾವಳಿ ಪುಸ್ತಕದಲ್ಲಿ ಬರೆಸಿ.

ಜೈ ಭೀಮ್.